ನೆರೆನಾಡಿನ ಹೆಜ್ಜೆಗುರುತು: ಕನಕಪುರ ಸೀಮೆಯ ಒಂದು ನಿದರ್ಶನ

ದೇಶದ ಎಲ್ಲೆಗಳನ್ನು ಮನುಷ್ಯರು ಗೆರೆ ಎಳೆದು ಗೊತ್ತುಮಾಡುತ್ತಾರೆ. ನೀರು, ಹೊಗೆ, ಸರಕು, ಬೆಲೆ ಇವು ಆ ಗೆರೆಗಳಿಗೆ ಕಟ್ಟುಬಿದ್ದು ನಡೆಯುವುದಿಲ್ಲ. ಒಂದು ದೇಶದಲ್ಲಿ ಕೈಗಾರಿಕೆ, ವಾಣಿಜ್ಯಗಳು ಬೆಳೆದಾಗ ಅವುಗಳ ಭಾರದಲ್ಲಿ ಎಷ್ಟು ಭಾಗ ಪಕ್ಕದ ದೇಶದ ಮಣ್ಣು, ಕಾಡು, ಹೊಳೆಗಳ ಮೇಲೆ ಬೀಳುತ್ತದೆ ಎಂಬ ಪ್ರಶ್ನೆ ಕಳೆದ ಮೂರು ದಶಕಗಳಲ್ಲಿ ಅರ್ಥಶಾಸ್ತ್ರಜ್ಞರ ಗಮನವನ್ನು ವಿಶೇಷವಾಗಿ ಸೆಳೆದಿದೆ. ಈ ವಿಷಯವನ್ನು ಕುರಿತ ಗ್ರಂಥಗಳೂ ಪ್ರಬಂಧಗಳೂ ಬಹುಮಟ್ಟಿಗೆ ರಾಷ್ಟ್ರಗಳನ್ನೇ ಮಾನಕವಾಗಿಟ್ಟುಕೊಂಡು ರಚಿತವಾದವು. ಅವುಗಳಲ್ಲಿ ಬರುವ ಕೋಷ್ಟಕಗಳನ್ನೂ ಸಮೀಕರಣಗಳನ್ನೂ ನಮ್ಮ ವಿದ್ಯಾರ್ಥಿಗಳು ಕಂಠಪಾಠ ಮಾಡುವುದುಂಟು; ಆದರೆ ಅವು ಯಾವ ವಸ್ತುಸ್ಥಿತಿಯನ್ನು ಹೇಳುತ್ತವೆ ಎಂಬುದು ಮನಸ್ಸಿಗೆ ನಾಟುವುದು ಕಡಮೆ. ಆದ್ದರಿಂದ ಈ ಲೇಖನದಲ್ಲಿ ಆ ತತ್ತ್ವವನ್ನು ಸಂಕ್ಷೇಪವಾಗಿ ವಿವರಿಸಿ, ಅನಂತರ ಅದನ್ನು ನಮ್ಮ ಕಣ್ಣೆದುರಿನ ಒಂದು ಸೀಮೆಗೆ, ಎಂದರೆ ಕನಕಪುರಕ್ಕೆ, ಅನ್ವಯಿಸಿ ನೋಡಲು ಉದ್ದೇಶಿಸಿದೆ.

ಕನಕಪುರವು ಯಾವ ಪರದೇಶಕ್ಕೂ ನೆರೆಯಲ್ಲವಲ್ಲ ಎಂದು ವಾಚಕರು ಆಕ್ಷೇಪಿಸಬಹುದು. ನಿಜ. ಆದರೆ ಅದರಿಂದ ಉತ್ತರಕ್ಕೆ ಸುಮಾರು ೫೫ ಕಿಲೋಮೀಟರ್ ದೂರದಲ್ಲಿರುವ ಬೆಂಗಳೂರು ನಗರದ ಜನಸಂಖ್ಯೆ ೧೯೫೧ರಲ್ಲಿ ೭.೭೯ ಲಕ್ಷವಾಗಿದ್ದುದು ೨೦೧೧ರ ಜನಗಣತಿಯಲ್ಲಿ ೮೪.೪ ಲಕ್ಷಕ್ಕೆ ಏರಿತು. ಜಗತ್ತಿನ ಎಷ್ಟೋ ಸ್ವತಂತ್ರ ರಾಷ್ಟ್ರಗಳಲ್ಲಿ ಇಷ್ಟು ಜನರಿಲ್ಲ. ಆರ್ಥಿಕ ಚಟುವಟಿಕೆಯ ಗಾತ್ರದಿಂದ ನೋಡಿದರೆ ಬೆಂಗಳೂರು ಒಂದು ದೇಶ. ಕನಕಪುರವು ಅದರ ನೆರೆಯ ನಾಡು. ಹಿಂದೆ ಕಾನಕಾನಹಳ್ಳಿ ಎಂದು ಕರೆಯಲ್ಪಡುತ್ತಿದ್ದ ಈ ತಾಲ್ಲೂಕು ಮೊದಲು ಬೆಂಗಳೂರು ಜಿಲ್ಲೆಗೂ, ೧೯೮೬ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೂ, ೨೦೦೭ರಲ್ಲಿ ರಾಮನಗರ ಜಿಲ್ಲೆಗೂ ಸೇರಿತು. ೨೦೨೫ರ ಮೇ ತಿಂಗಳಲ್ಲಿ ರಾಜ್ಯದ ಸಚಿವ ಸಂಪುಟವು ಆ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡಲು ತೀರ್ಮಾನಿಸಿತು. ಹೆಸರು ಬದಲಾದದ್ದು ಈಚೆಗೆ. ಆ ಹೆಸರು ಸೂಚಿಸುವ ಸಂಬಂಧ ಮಾತ್ರ ಬಹಳ ಹಳೆಯದು.

ಹೆಜ್ಜೆಗುರುತು ಎಂದರೇನು?

ಪರಿಸರದ ಹೆಜ್ಜೆಗುರುತು ಎಂಬ ಪರಿಕಲ್ಪನೆಯನ್ನು ರೂಪಿಸಿದವರು ಕೆನಡಾದ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾನಿಲಯದ ವಿಲಿಯಂ ರೀಸ್ ಮತ್ತು ಅವರ ಶಿಷ್ಯ ಮಥಿಸ್ ವಾಕರ್ನಾಗೆಲ್. ರೀಸ್ ಅವರ ಪ್ರಬಂಧ ೧೯೯೨ರಲ್ಲಿಯೂ, ಇಬ್ಬರೂ ಕೂಡಿ ಬರೆದ ಗ್ರಂಥ ೧೯೯೬ರಲ್ಲಿಯೂ ಪ್ರಕಟವಾದುವು. ಅವರು ಕೇಳಿದ ಪ್ರಶ್ನೆ ಸರಳವಾದುದು. ಒಂದು ಜನಸಮುದಾಯವು ಉಣ್ಣುವ ಧಾನ್ಯ, ಕುಡಿಯುವ ಹಾಲು, ಉಡುವ ಬಟ್ಟೆ, ಉರಿಸುವ ಇಂಧನ ಇವೆಲ್ಲವನ್ನೂ ಒದಗಿಸುವುದಕ್ಕೂ, ಅದು ಹೊರಬಿಡುವ ಇಂಗಾಲಾಮ್ಲವನ್ನು ಹೀರಿಕೊಳ್ಳುವುದಕ್ಕೂ ಎಷ್ಟು ವಿಸ್ತಾರದ ಫಲವತ್ತಾದ ಭೂಮಿ ಮತ್ತು ಜಲಪ್ರದೇಶ ಬೇಕು? ಆ ವಿಸ್ತಾರವೇ ಅದರ ಹೆಜ್ಜೆಗುರುತು. ಭೂಮಿಯನ್ನು ಉಳುಮೆಯ ನೆಲ, ಹುಲ್ಲುಗಾವಲು, ಕಾಡು, ಮೀನುಗಾರಿಕೆಯ ನೀರು, ಕಟ್ಟಡಗಳು ಆಕ್ರಮಿಸಿದ ನೆಲ, ಇಂಗಾಲವನ್ನು ಹೀರಲು ಬೇಕಾದ ಕಾಡು ಎಂದು ಆರು ಬಗೆಯಾಗಿ ವಿಂಗಡಿಸುತ್ತಾರೆ. ಒಂದು ಎಕರೆ ಗದ್ದೆಯೂ ಒಂದು ಎಕರೆ ಕುರುಚಲು ಕಾಡೂ ಸಮಾನವಲ್ಲವಾದ್ದರಿಂದ ಎಲ್ಲವನ್ನೂ ‘ಜಾಗತಿಕ ಹೆಕ್ಟೇರು’ ಎಂಬ ಸಾಮಾನ್ಯ ಮಾನಕ್ಕೆ ಪರಿವರ್ತಿಸುತ್ತಾರೆ. ಈ ಲೆಕ್ಕದಂತೆ ಪ್ರಪಂಚದ ಒಬ್ಬ ಮನುಷ್ಯನ ಸರಾಸರಿ ಹೆಜ್ಜೆಗುರುತು ಸುಮಾರು ೨.೮ ಜಾಗತಿಕ ಹೆಕ್ಟೇರು. ಒಬ್ಬನ ಪಾಲಿಗೆ ಭೂಮಿ ಒದಗಿಸಬಲ್ಲ ಸಾಮರ್ಥ್ಯ ಸುಮಾರು ೧.೬. ಭಾರತದಲ್ಲಿ ತಲಾ ಬಳಕೆ ಸುಮಾರು ೧.೨, ಸಾಮರ್ಥ್ಯ ೦.೪ರ ಆಸುಪಾಸು. ಚೀನದ ತಲಾ ಬಳಕೆ ಮೂರೂವರೆಯನ್ನು ಮೀರುತ್ತದೆ.

ಇಲ್ಲಿ ಗಮನಿಸತಕ್ಕ ಸೂತ್ರ ಒಂದುಂಟು. ಒಂದು ದೇಶದೊಳಗಿನ ಉತ್ಪಾದನೆಯ ಹೆಜ್ಜೆಗುರುತಿಗೆ ಆಮದಾದ ಸರಕುಗಳ ಹೆಜ್ಜೆಗುರುತನ್ನು ಕೂಡಿಸಿ, ರಫ್ತಾದುದನ್ನು ಕಳೆದರೆ ಆ ದೇಶದ ಅನುಭೋಗದ ಹೆಜ್ಜೆಗುರುತು ದೊರೆಯುತ್ತದೆ. ಈ ಕೂಡುವ ಕಳೆಯುವ ಲೆಕ್ಕದಲ್ಲಿಯೇ ನೆರೆಹೊರೆಯ ಪ್ರಶ್ನೆ ಅಡಗಿದೆ. ಒಂದು ನಾಡು ತನ್ನ ಕಾಡನ್ನು ಕಡಿಯದೆ ಪಕ್ಕದ ನಾಡಿನ ಮರವನ್ನು ಕೊಂಡರೆ ಅದರ ಬೆಟ್ಟಗಳು ಹಸಿರಾಗಿಯೇ ಉಳಿಯುತ್ತವೆ. ಬೋಳಾಗುವುದು ಪಕ್ಕದವರ ಬೆಟ್ಟ. ಸೈಮನ್ ಕುಜ್ನೆಟ್ಸ್ ೧೯೫೫ರಲ್ಲಿ ವರಮಾನದ ಅಸಮತೆಯ ಬಗ್ಗೆ ಸೂಚಿಸಿದ ಕಮಾನಿನಾಕಾರದ ರೇಖೆಯನ್ನು ೧೯೯೧ರಲ್ಲಿ ಗ್ರಾಸ್‌ಮನ್ ಮತ್ತು ಕ್ರೂಗರ್ ಎಂಬ ವಿದ್ವಾಂಸರು ಪರಿಸರಕ್ಕೆ ಅನ್ವಯಿಸಿದರು. ವರಮಾನ ಏರಿದಂತೆ ಮಾಲಿನ್ಯ ಮೊದಲು ಹೆಚ್ಚಿ, ಒಂದು ಹಂತವಾದ ಮೇಲೆ ಇಳಿಯುತ್ತದೆ ಎಂಬುದು ಅದರ ತಾತ್ಪರ್ಯ. ಇಳಿದದ್ದು ನಿಜವಾಗಿ ಇಳಿಯಿತೋ, ಅಥವಾ ಎಲ್ಲೆಯ ಆಚೆಗೆ ಸರಿಯಿತೋ ಎಂಬ ಸಂದೇಹ ಅಂದಿನಿಂದಲೂ ಇದೆ. ಆ ಸಂದೇಹ ನ್ಯಾಯವಾದುದೆಂದೇ ನನ್ನ ಅಭಿಪ್ರಾಯ.

ಎಲ್ಲ ವಸ್ತುಗಳೂ ಒಂದಕ್ಕೊಂದು ಸಂಬಂಧಪಟ್ಟಿದ್ದರೂ ಹತ್ತಿರದವುಗಳ ಸಂಬಂಧ ದೂರದವುಗಳದಕ್ಕಿಂತ ಗಾಢವೆಂಬ ನಿಯಮವನ್ನು ಭೂಗೋಳಶಾಸ್ತ್ರಜ್ಞ ವಾಲ್ಡೊ ಟಾಬ್ಲರ್ ೧೯೭೦ರಲ್ಲಿ ಮಂಡಿಸಿದರು. ಈಚಿನ ಸಂಖ್ಯಾಶಾಸ್ತ್ರೀಯ ಅಧ್ಯಯನಗಳು ಇದನ್ನೇ ಆಧಾರವಾಗಿಟ್ಟುಕೊಂಡು, ಪ್ರತಿಯೊಂದು ದೇಶಕ್ಕೂ ಉಳಿದ ದೇಶಗಳು ಎಷ್ಟೆಷ್ಟು ಹತ್ತಿರವೆಂಬುದನ್ನು ಒಂದು ತೂಕದ ಪಟ್ಟಿಯಾಗಿ ಬರೆದು, ದೇಶದ ಸ್ವಂತ ವರಮಾನದ ಪರಿಣಾಮವನ್ನೂ ನೆರೆಯವರ ವರಮಾನದ ಪರಿಣಾಮವನ್ನೂ ಬೇರ್ಪಡಿಸುತ್ತವೆ. ಮೊದಲನೆಯದು ನೇರ ಪರಿಣಾಮ. ಎರಡನೆಯದು ತುಳುಕುವ ಪರಿಣಾಮ. ಕೊಡ ತುಂಬಿದರೆ ನೀರು ಪಕ್ಕಕ್ಕೆ ಚೆಲ್ಲುವಂತೆ ಎಂದು ತಿಳಿದರೆ ಸಾಕು. ಆದರೆ ಈ ಪರಿಣಾಮಕ್ಕೆ ಒಂದೇ ದಿಕ್ಕು ಇಲ್ಲ. ನೆರೆಯವನ ಏಳ್ಗೆಯಿಂದ ನಮ್ಮ ಸರಕಿಗೆ ಬೇಡಿಕೆ ಹೆಚ್ಚಿ ನಮ್ಮ ಕಾಡು ನೆಲಗಳ ಮೇಲೆ ಒತ್ತಡ ಬೀಳಬಹುದು. ನೆರೆಯವನು ಕಂಡುಹಿಡಿದ ಉತ್ತಮ ಯಂತ್ರವನ್ನು ನಾವೂ ತಂದುಕೊಂಡು ಉರುವಲನ್ನು ಉಳಿಸಲೂಬಹುದು. ಯಾವುದು ಮೇಲುಗೈಯಾಗುತ್ತದೆಂಬುದು ಹಾದಿಗಳನ್ನು ಒಂದೊಂದಾಗಿ ಹಿಡಿದು ನೋಡಿದಾಗಲೇ ತಿಳಿಯತಕ್ಕದ್ದು. ಒಂದು ಗುಣಾಂಕ ಅದನ್ನು ಹೇಳಲಾರದು.

ಮೇಲಕ್ಕೆ ಹೋಗುವ ನೀರು

ಕನಕಪುರದ ಸಂಗತಿಯಲ್ಲಿ ಮೊದಲ ಹಾದಿ ನೀರಿನದು. ಇದೇ ಎಲ್ಲಕ್ಕಿಂತ ಮುಖ್ಯವಾದುದು.

ಅರ್ಕಾವತಿಯು ನಂದಿಬೆಟ್ಟದಲ್ಲಿ ಹುಟ್ಟಿ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಂಚನಬೆಲೆ, ರಾಮನಗರಗಳ ಮೂಲಕ ಹರಿದು ಕನಕಪುರದ ಪಕ್ಕದಲ್ಲಿ ಸಾಗಿ ಸಂಗಮವೆಂಬಲ್ಲಿ ಕಾವೇರಿಯನ್ನು ಸೇರುತ್ತದೆ. ಬೆಂಗಳೂರು ಮೊದಲು ಕೈಯಿಟ್ಟದ್ದು ಈ ಹೊಳೆಯ ನೀರಿಗೆ: ೧೮೯೬ರ ವೇಳೆಗೆ ಹೆಸರಘಟ್ಟದಿಂದ, ೧೯೩೩ರಿಂದ ತಿಪ್ಪಗೊಂಡನಹಳ್ಳಿಯಿಂದ. ಈ ಎರಡೂ ಆಕರಗಳು ಕ್ರಮೇಣ ಸೊರಗಿದುವು. ೨೦೧೦ರ ದಶಕದ ಆರಂಭದ ಹೊತ್ತಿಗೆ ತಿಪ್ಪಗೊಂಡನಹಳ್ಳಿಯಿಂದ ನಗರಕ್ಕೆ ಬರುತ್ತಿದ್ದ ನೀರು ಹೆಚ್ಚುಕಡಮೆ ನಿಂತೇಹೋಯಿತು. ಇದಕ್ಕೆ ಕಾರಣ ಮಳೆಯ ಕೊರತೆಯೆಂದು ಹೇಳುವ ವಾಡಿಕೆಯಿದೆ. ವೀಣಾ ಶ್ರೀನಿವಾಸನ್ ಮತ್ತು ಅವರ ಸಂಗಡಿಗರು ೨೦೧೫ರಲ್ಲಿ ಪ್ರಕಟಿಸಿದ ಸಂಶೋಧನೆ ಈ ನಂಬಿಕೆಯನ್ನು ಪರೀಕ್ಷೆಗೊಡ್ಡಿತು. ಅಂತರ್ಜಲವನ್ನು ಕೊಳವೆಬಾವಿಗಳಿಂದ ಎತ್ತಿದ್ದು ಮತ್ತು ನೀಲಗಿರಿ ತೋಪುಗಳು ಹರಡಿದ್ದು ಮುಖ್ಯ ಕಾರಣಗಳಾಗಿರುವ ಸಂಭವ ಹೆಚ್ಚು. ಹಳ್ಳಗಳಿಗೆ ಅಡ್ಡವಾಗಿ ಕಟ್ಟಿದ ಒಡ್ಡುಗಳು ಅದಕ್ಕಿಂತ ಕಡಮೆ ಪ್ರಮಾಣದಲ್ಲಿ ಕಾರಣ. ಹವಾಮಾನದ ವ್ಯತ್ಯಾಸವನ್ನು ಮುಂದೊಡ್ಡಲು ಆಧಾರ ಸಾಲದು ಎಂಬುದು ಅವರ ನಿರ್ಣಯ. ನೀಲಗಿರಿ ಮರದ ಕಂಬ ಕಟ್ಟಡದ ಸಾರುವೆಗೂ, ಅದರ ತಿರುಳು ಕಾಗದದ ಕಾರ್ಖಾನೆಗೂ ಹೋಗುತ್ತವೆಂಬುದನ್ನು ನೆನೆದರೆ, ಹೊಳೆ ಬತ್ತಿದ್ದರಲ್ಲಿ ದೂರದ ಮಾರುಕಟ್ಟೆಯ ಪಾತ್ರವೆಷ್ಟೆಂಬುದು ಸ್ಪಷ್ಟವಾಗುತ್ತದೆ. ಕರ್ನಾಟಕ ಸರ್ಕಾರ ೨೦೧೭ರಲ್ಲಿ ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು.

ಅರ್ಕಾವತಿ ಸಾಲದಾದಾಗ ನಗರವು ಕಾವೇರಿಯ ಕಡೆಗೆ ತಿರುಗಿತು. ಮೊದಲನೆಯ ಹಂತದ ನೀರು ೧೯೭೪ರಲ್ಲಿ ಬಂದಿತು. ಆಗ ಅದರ ಪ್ರಮಾಣ ದಿನಕ್ಕೆ ೧೩೫ ದಶಲಕ್ಷ ಲೀಟರು. ಆಮೇಲಿನ ಹಂತಗಳು ಸೇರಿ ೨೦೧೨ರ ಹೊತ್ತಿಗೆ ಇದು ಸುಮಾರು ೧,೪೫೦ ದಶಲಕ್ಷ ಲೀಟರಿಗೆ ಏರಿತು. ೨೦೨೪ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತದ ಸಾಮರ್ಥ್ಯ ಇನ್ನೂ ೭೭೫. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾದ ಈ ನೀರು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಮೇಲೆತ್ತಲ್ಪಟ್ಟು ನಗರವನ್ನು ಮುಟ್ಟುತ್ತದೆ. ಹಾರೋಹಳ್ಳಿ ಈಗ ಪ್ರತ್ಯೇಕ ತಾಲ್ಲೂಕು. ಮೊದಲು ಕನಕಪುರದ ಒಂದು ಹೋಬಳಿ. ಹೀಗೆ ಕನಕಪುರ ಸೀಮೆಯ ರೈತನು ತನ್ನ ಬತ್ತಿದ ಬಾವಿಯ ಪಕ್ಕದಲ್ಲಿಯೇ ಆಳೆತ್ತರದ ಉಕ್ಕಿನ ಕೊಳವೆಗಳು ತುಂಬಿ ಸಾಗುವುದನ್ನು ಐವತ್ತು ವರ್ಷಗಳಿಂದ ನೋಡುತ್ತ ಬಂದಿದ್ದಾನೆ.

ವಿದ್ಯಾರ್ಥಿಗಳು ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿನೋಡಬಹುದು. ಈ ನೀರನ್ನು ಒಟ್ಟಿನಲ್ಲಿ ಸ್ಥೂಲವಾಗಿ ೫೦೦ ಮೀಟರ್ ಎತ್ತರಕ್ಕೆ ಏರಿಸಬೇಕು. ಸಾವಿರ ಲೀಟರ್ ನೀರನ್ನು ಅಷ್ಟೆತ್ತರಕ್ಕೆ ಎತ್ತಲು, ಯಾವ ನಷ್ಟವೂ ಇಲ್ಲವೆಂದು ಭಾವಿಸಿದರೂ, ೧.೩೬ ಯೂನಿಟ್ ವಿದ್ಯುತ್ತು ಬೇಕು; ಪಂಪುಗಳ ದಕ್ಷತೆ ಶೇಕಡ ೭೦ ಎಂದಿಟ್ಟುಕೊಂಡರೆ ಸುಮಾರು ೧.೯೫ ಯೂನಿಟ್. ಐದೂ ಹಂತಗಳು ಪೂರ್ಣ ಸಾಮರ್ಥ್ಯದಿಂದ ನಡೆದರೆ ದಿನಕ್ಕೆ ೨,೨೨೫ ದಶಲಕ್ಷ ಲೀಟರಿಗೆ ೪೩ ಲಕ್ಷ ಯೂನಿಟ್ಟುಗಳಾಗುತ್ತವೆ. ದೇಶದ ವಿದ್ಯುಜ್ಜಾಲದ ಸರಾಸರಿಯಂತೆ ಯೂನಿಟ್ಟಿಗೆ ಸುಮಾರು ೦.೭ ಕಿಲೋಗ್ರಾಮ್ ಇಂಗಾಲಾಮ್ಲವೆಂದು ಹಿಡಿದರೆ ದಿನಕ್ಕೆ ೩,೦೦೦ ಟನ್ನು. ನೀರು ಕಾವೇರಿಯದು, ಹೊಗೆ ರಾಯಚೂರಿನಂತಹ ಊರುಗಳ ಉಷ್ಣ ವಿದ್ಯುದಾಗಾರಗಳದು, ನಲ್ಲಿ ಬೆಂಗಳೂರಿನದು. ಅನುಭೋಗದ ಲೆಕ್ಕದಲ್ಲಿ ಈ ಇಂಗಾಲವನ್ನು ಬೆಂಗಳೂರಿನ ಹೆಸರಿಗೆ ಬರೆಯತಕ್ಕದ್ದು. ಉತ್ಪಾದನೆಯ ಲೆಕ್ಕದಲ್ಲಿ ಅದು ರಾಯಚೂರಿನ ಪಾಲಿಗೆ ಬೀಳುತ್ತದೆ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ೧೪೭ ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿದಾಗಲೂ ಇಂತಹುದೇ ಒಂದು ಲೆಕ್ಕ ಇದ್ದಿತು. ಚಿನ್ನ ಇಂಗ್ಲೆಂಡಿಗೆ ಹೋಯಿತು. ಆದರೆ ಅಂದು ಇಂತಹ ಲೆಕ್ಕವನ್ನು ಬರೆಯುವ ರೂಢಿ ಇರಲಿಲ್ಲ.

ಕೆಳಕ್ಕೆ ಬರುವ ನೀರು

ಬಳಸಿದ ನೀರಿನಲ್ಲಿ ಶೇಕಡ ೮೦ ಭಾಗ ಕೊಳಚೆಯಾಗಿ ಹೊರಬೀಳುತ್ತದೆಂಬುದು ನಗರ ನೈರ್ಮಲ್ಯದ ಎಂಜಿನಿಯರುಗಳ ಸಾಮಾನ್ಯ ಅಂದಾಜು. ಬೆಂಗಳೂರು ಒಂದು ದಿಣ್ಣೆಯ ಮೇಲೆ ಕುಳಿತಿರುವ ಊರು. ದಿಣ್ಣೆಯ ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಯ ಕಡೆಗೂ, ಪಶ್ಚಿಮ ಮತ್ತು ನೈಋತ್ಯಕ್ಕೆ ಬಿದ್ದದ್ದು ವೃಷಭಾವತಿಯ ಮೂಲಕ ಅರ್ಕಾವತಿಯ ಕಡೆಗೂ ಹರಿಯುತ್ತದೆ. ಪೂರ್ವದ ಕಡೆ ಹೋದ ನೀರು ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯದಲ್ಲಿ ನೊರೆಯೆದ್ದು, ತಮಿಳುನಾಡಿನ ರೈತರ ದೂರಿಗೆ ಕಾರಣವಾಗಿದೆ. ಅದೇ ಕಡೆಯ ನೀರಿನ ಒಂದು ಭಾಗವನ್ನು ಸಂಸ್ಕರಿಸಿ ೨೦೧೮ರಿಂದ ಕೋಲಾರದ ಕೆರೆಗಳಿಗೆ ಏರಿಸುತ್ತಿದ್ದಾರೆ. ಕಾವೇರಿಯ ನೀರು ಬೆಂಗಳೂರಿನ ಅಡಿಗೆಮನೆಯನ್ನು ಹಾದು ಪಿನಾಕಿನಿಯ ಸೀಮೆಯನ್ನು ಸೇರುವ ಈ ಪ್ರಯಾಣ ನಮ್ಮ ಭೂಗೋಳದ ಪಠ್ಯಪುಸ್ತಕಗಳಲ್ಲಿ ಇನ್ನೂ ಸ್ಥಾನ ಪಡೆಯಬೇಕಾಗಿದೆ.

ನಮಗೆ ಸಂಬಂಧಿಸಿದ್ದು ವೃಷಭಾವತಿ. ಬಸವನಗುಡಿಯ ಆಸುಪಾಸಿನಲ್ಲಿ ಹುಟ್ಟಿ ಕೆಂಗೇರಿ, ಬಿಡದಿಗಳ ಕಡೆಗೆ ಸಾಗಿ, ಬೈರಮಂಗಲದ ಜಲಾಶಯವನ್ನು ತುಂಬಿ, ಕನಕಪುರದ ಬಳಿ ಅರ್ಕಾವತಿಯನ್ನು ಸೇರುವ ಈ ಹೊಳೆ ಈಗ ವರ್ಷವಿಡೀ ಹರಿಯುತ್ತದೆ. ಮಳೆಯ ಹೊಳೆಯೊಂದು ಬೇಸಗೆಯಲ್ಲಿಯೂ ಬತ್ತದಿರುವುದು ಸಾಮಾನ್ಯವಾಗಿ ಸಂತೋಷದ ಸಂಗತಿ. ಇಲ್ಲಿ ಹರಿಯುತ್ತಿರುವುದು ಮನೆಗಳ ಕೊಳಚೆ, ಅದರೊಡನೆ ಪೀಣ್ಯ ಮೊದಲಾದ ಕೈಗಾರಿಕಾ ವಸಾಹತುಗಳ ತ್ಯಾಜ್ಯ. ಸಂಸ್ಕರಣ ಘಟಕಗಳಿವೆ, ಆದರೂ ಬೈರಮಂಗಲದ ಕೋಡಿಯಲ್ಲಿ ಬಿಳಿಯ ನೊರೆ ರಾಶಿಯಾಗುವುದನ್ನು ಆ ದಾರಿಯಲ್ಲಿ ಹೋದವರೆಲ್ಲರೂ ಕಂಡಿದ್ದಾರೆ.

೧೯೪೦ರ ದಶಕದಲ್ಲಿ ಬತ್ತ ಮೊದಲಾದ ಆಹಾರದ ಬೆಳೆಗಳ ನೀರಾವರಿಗಾಗಿ ಈ ಜಲಾಶಯವನ್ನು ಕಟ್ಟಿದರು. ಈಗ ಅದರ ಅಚ್ಚುಕಟ್ಟಿನ ರೈತರು ಬಹುಮಟ್ಟಿಗೆ ಮೇವಿನ ಹುಲ್ಲು, ಎಳೆಜೋಳ, ಹಿಪ್ಪುನೇರಳೆ, ತೆಂಗುಗಳನ್ನು ಬೆಳೆಯುತ್ತಾರೆ. ಈ ನೀರಿಗೆ ಒಗ್ಗುವ ಬೆಳೆ ಯಾವುದು, ಪೇಟೆಯಲ್ಲಿ ವಿಕ್ರಯವಾಗುವ ಬೆಳೆ ಯಾವುದು ಎಂದು ವಿವೇಚಿಸಿಯೇ ಅವರು ಹಾಗೆ ಹೊರಳಿದ್ದಾರೆ. ಕೊಳಚೆಯಲ್ಲಿರುವ ಸಾರಜನಕ ಮತ್ತು ರಂಜಕಗಳಿಂದ ಗೊಬ್ಬರದ ಖರ್ಚು ತಗ್ಗುತ್ತದೆ. ಹುಲ್ಲು ವರ್ಷಕ್ಕೆ ಹಲವು ಕೊಯ್ಲು ಬರುತ್ತದೆ. ಆ ಹುಲ್ಲನ್ನು ತಿಂದ ಹಸುವಿನ ಹಾಲು ಬೆಂಗಳೂರಿಗೇ ಹೋಗುತ್ತದೆ. ಜರ್ಮನಿಯ ಫಾನ್ ಥೂನೆನ್ ೧೮೨೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಗರದ ಸುತ್ತಲೂ ಬಳೆಬಳೆಯಾಗಿ ಬೆಳೆಗಳು ಹರಡಿರುವುದನ್ನು ವಿವರಿಸಿದನು. ಮೊದಲ ಬಳೆಯಲ್ಲಿ ಹಾಲು ಮತ್ತು ತರಕಾರಿ. ಆ ಬಳೆಯ ನೆಲ ಸಾರಗುಂದದಿರುವುದು ನಗರದಿಂದ ಹಿಂದಿರುಗುವ ಗೊಬ್ಬರದಿಂದ. ಬೈರಮಂಗಲದಲ್ಲಿ ಥೂನೆನ್ನನ ಮೊದಲ ಬಳೆಯನ್ನು ಹೆಚ್ಚುಕಡಮೆ ಅವನು ಬರೆದಂತೆಯೇ ಕಾಣಬಹುದು. ವ್ಯತ್ಯಾಸವೆಂದರೆ, ಅವನ ಕಾಲದ ಗೊಬ್ಬರದಲ್ಲಿ ಕ್ರೋಮಿಯಂ, ಸೀಸ, ನಿಕ್ಕಲ್‌ಗಳು ಇರಲಿಲ್ಲ. ಭಾರಲೋಹಗಳು ಮಣ್ಣಿಗೆ ಸೇರಿದರೆ ಸುಲಭವಾಗಿ ಹೊರಹೋಗುವುದಿಲ್ಲ. ಬಾವಿಯ ನೀರಿಗೂ ಮೇವಿಗೂ ಇಳಿಯುತ್ತವೆ. ನಗರದಿಂದ ಹೊರಟದ್ದು ಹಾಲಿನ ಮೂಲಕ ನಗರಕ್ಕೇ ಮರಳಬಹುದೆಂಬ ಶಂಕೆಯನ್ನು ವಿಜ್ಞಾನಿಗಳು ಬಹುಕಾಲದಿಂದ ವ್ಯಕ್ತಪಡಿಸುತ್ತಿದ್ದಾರೆ.

ಈಗ ಮುಖ್ಯವಾದ ಮಾತು. ಹೆಜ್ಜೆಗುರುತಿನ ರೂಢಿಯ ಲೆಕ್ಕದಲ್ಲಿ ಈ ಕೊಳಚೆಗೂ ಈ ಲೋಹಗಳಿಗೂ ಅಂಕಣವೇ ಇಲ್ಲ. ಅದು ಭೂಮಿಯ ಉತ್ಪಾದಕ ವಿಸ್ತಾರವನ್ನು ಎಣಿಸುತ್ತದೆ, ಇಂಗಾಲವನ್ನು ಎಣಿಸುತ್ತದೆ. ಸಿಹಿನೀರಿನ ಬಳಕೆಯನ್ನಾಗಲಿ ವಿಷವಸ್ತುಗಳನ್ನಾಗಲಿ ಎಣಿಸುವುದಿಲ್ಲ. ಕೊಳಚೆಯಿಂದ ಹುಲ್ಲಿನ ಇಳುವರಿ ಹೆಚ್ಚಿದರೆ ಆ ನೆಲದ ಜೈವಿಕ ಸಾಮರ್ಥ್ಯವು ಹೆಚ್ಚಿತೆಂದೇ ಲೆಕ್ಕ ಹೇಳೀತು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯುಂಟು. ಇಲ್ಲಿ ಬರೆಯ ಗುರುತು ಸಹ ಪುಸ್ತಕದಲ್ಲಿ ದಾಖಲಾಗುವುದಿಲ್ಲ. ಈ ಕೊರತೆಯನ್ನು ಆ ಮಾನವನ್ನು ರೂಪಿಸಿದವರೂ ಮರೆಮಾಚಿಲ್ಲ. ನೀರಿಗಾಗಿಯೇ ಪ್ರತ್ಯೇಕವಾದ ಹೆಜ್ಜೆಗುರುತನ್ನು ನೆದರ್ಲೆಂಡಿನ ಆರ್ಯೆನ್ ಹೂಕ್‌ಸ್ಟ್ರಾ ೨೦೦೨ರಲ್ಲಿ ಸೂಚಿಸಿದರು. ಕೊಳೆಯನ್ನು ತಿಳಿಯಾಗಿಸಲು ಬೇಕಾಗುವ ನೀರನ್ನು ಅದರಲ್ಲಿ ‘ಬೂದುಬಣ್ಣದ ನೀರು’ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಕನಕಪುರದಂತಹ ಸೀಮೆಯನ್ನು ಅಧ್ಯಯನ ಮಾಡುವವರು ಎರಡು ಪುಸ್ತಕಗಳನ್ನೂ ಜೊತೆಯಲ್ಲಿಟ್ಟುಕೊಳ್ಳದೆ ಒಂದು ಹೆಜ್ಜೆಯನ್ನೂ ಮುಂದಿಡಲಾರರು.

ರೇಷ್ಮೆ, ಕಲ್ಲು

ನಿಜವಾದ ಪರದೇಶದ ನೆರಳು ಕನಕಪುರದ ಮೇಲೆ ಬೀಳುವುದು ರೇಷ್ಮೆಯಲ್ಲಿ. ಈ ತಾಲ್ಲೂಕು ಹಿಪ್ಪುನೇರಳೆಗೆ ಹೆಸರಾದುದು. ಗೂಡು ಕನಕಪುರದ ಮತ್ತು ರಾಮನಗರದ ಮಾರುಕಟ್ಟೆಗಳಿಗೆ ಹೋಗುತ್ತದೆ. ಒಂದು ಕಿಲೋಗ್ರಾಮ್ ಕಚ್ಚಾ ರೇಷ್ಮೆಗೆ ಆರರಿಂದ ಎಂಟು ಕಿಲೋಗ್ರಾಮ್ ಗೂಡು ಬೇಕು. ಅಷ್ಟು ಗೂಡು ಕಟ್ಟಬೇಕಾದರೆ ಹುಳುಗಳು ನೂರು ಕಿಲೋಗ್ರಾಮಿಗೂ ಮಿಕ್ಕಿದ ಸೊಪ್ಪನ್ನು ಮೇಯಬೇಕು. ಆ ಸೊಪ್ಪಿಗೆ ನೀರು, ಗೊಬ್ಬರ. ಗೂಡನ್ನು ಬೇಯಿಸಿ ನೂಲು ಬಿಚ್ಚುವುದಕ್ಕೆ ಸೌದೆ. ಪೇಟೆಯಲ್ಲಿ ಕೊಂಡ ಒಂದು ಸೀರೆಯ ಹಿಂದೆ ಇಷ್ಟು ನೆಲದ ಬೆವರಿದೆ.

ಪ್ರಪಂಚದ ರೇಷ್ಮೆಯಲ್ಲಿ ಹೆಚ್ಚಿನ ಪಾಲು ಚೀನದ್ದು. ಎರಡನೆಯ ಸ್ಥಾನ ಭಾರತದ್ದು. ಚೀನದ ಅಗ್ಗದ ಕಚ್ಚಾ ರೇಷ್ಮೆಯ ಮೇಲೆ ಭಾರತ ಸರ್ಕಾರ ೨೦೦೩ರಲ್ಲಿ ಸುರಿತ ವಿರೋಧಿ ಸುಂಕವನ್ನು ವಿಧಿಸಿತು. ೨೦೧೧ರ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇಕಡ ೩೦ರಿಂದ ೫ಕ್ಕೆ ಇಳಿಯಿತು, ಗೂಡಿನ ಬೆಲೆ ಕುಸಿಯಿತು, ರೈತರು ಬೀದಿಗಿಳಿದರು. ೨೦೧೩ರಲ್ಲಿ ಅದನ್ನು ಶೇಕಡ ೧೫ಕ್ಕೆ ಏರಿಸಿದರು. ಹೆಜ್ಜೆಗುರುತಿನ ಭಾಷೆಯಲ್ಲಿ ಹೇಳುವುದಾದರೆ ಸುಂಕ ಇಳಿದಾಗ ನಮ್ಮ ಸೀರೆಯ ಸೊಪ್ಪು ಚೀನದ ನೆಲದಲ್ಲಿ ಬೆಳೆಯುತ್ತದೆ. ಸುಂಕ ಏರಿದಾಗ ಕನಕಪುರದ ನೆಲದಲ್ಲಿ. ಪರಿಸರದ ಭಾರವಷ್ಟನ್ನೇ ನೋಡುವವನು ಮೊದಲನೆಯದು ಕನಕಪುರಕ್ಕೆ ಲಾಭವೆಂದಾನು: ಕೊಳವೆಬಾವಿಗೆ ವಿಶ್ರಾಂತಿ, ಕಾಡಿನ ಸೌದೆಗೆ ಬಿಡುವು. ಆದರೆ ಹಿಪ್ಪುನೇರಳೆಯನ್ನು ಕಿತ್ತ ರೈತ ನೆಲವನ್ನು ಸುಮ್ಮನೆ ಬಿಡುವುದಿಲ್ಲ. ಇನ್ನೊಂದು ಬೆಳೆ ಇಡುತ್ತಾನೆ, ಇಲ್ಲವೆ ನಿವೇಶನಕ್ಕೆ ಮಾರುತ್ತಾನೆ. ನಿವೇಶನವಾದ ನೆಲ ಮರಳಿ ತೋಟವಾಗುವುದು ಅಪರೂಪ. ಚಿಕ್ಕ ತುಂಡು ನೆಲದ ಹಿಪ್ಪುನೇರಳೆಯಿಂದಲೂ ಆಗಾಗ ಕೈಗೆ ಕಾಸು ಕಾಣುವ ಸಂಸಾರಗಳಿಗೆ ಸುಂಕದ ಒಂದಂಕಿ ಎಷ್ಟು ದೊಡ್ಡದೆಂಬುದನ್ನು ಯಾವ ಹೆಕ್ಟೇರಿನ ಲೆಕ್ಕವೂ ಹೇಳದು. ಇದೇ ಚೀನದಿಂದ ನಮ್ಮಲ್ಲಿಗೆ ಸ್ವಯಂಚಾಲಿತ ನೂಲು ಬಿಚ್ಚುವ ಯಂತ್ರಗಳೂ ಬಂದಿವೆಯೆಂಬುದನ್ನು ಇಲ್ಲಿಯೇ ಹೇಳಬೇಕು. ನೆರೆಯಿಂದ ಪೈಪೋಟಿ ಬಂದ ದಾರಿಯಲ್ಲಿಯೇ ವಿದ್ಯೆಯೂ ಬಂದಿತು.

ಕಲ್ಲಿನ ಕಥೆ ಚಿಕ್ಕದು. ಸುಮಾರು ೨೫೦ ಕೋಟಿ ವರ್ಷಗಳ ವಯಸ್ಸಿನ, ರಾಮನಗರದ ಹಳೆಯ ಹೆಸರಿನಿಂದ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಪ್ರಸಿದ್ಧವಾದ ಶಿಲಾಪಟ್ಟಿ ಈ ಸೀಮೆಯಲ್ಲಿ ಹಾದುಹೋಗಿದೆ. ಕನಕಪುರದ ಕಲ್ಲು ದಿಮ್ಮಿಯಾಗಿ ಬಂದರುಗಳ ಮೂಲಕ ಹೊರದೇಶಗಳಿಗೆ ಹೋಗುತ್ತದೆ, ಜಲ್ಲಿಯಾಗಿ ಬೆಂಗಳೂರಿಗೆ ಬರುತ್ತದೆ. ಅಲಂಕಾರದ ಕಲ್ಲಿನ ಗಣಿಗಳಲ್ಲಿ ಅಗೆದುದರ ಅರ್ಧಕ್ಕಿಂತ ಹೆಚ್ಚು ಭಾಗ ದಿಮ್ಮಿಯಾಗದೆ ಅಲ್ಲಿಯೇ ರಾಶಿ ಬೀಳುವುದು ಸಾಮಾನ್ಯ. ಕೊಳ್ಳುವವನ ದೇಶಕ್ಕೆ ಹೊಳಪಿನ ಹಲಗೆ, ಮಾರುವವನ ಊರಿಗೆ ಹಳ್ಳ ಮತ್ತು ಗುಡ್ಡೆ. ಹೊಳೆಯ ಮರಳು ಮುಗಿದಾಗ ಕೆರೆಯಂಗಳದ, ಹೊಲದ ಮಣ್ಣನ್ನೇ ತೊಳೆದು ‘ಫಿಲ್ಟರ್ ಮರಳು’ ತೆಗೆಯುವ ಕಸುಬು ಹುಟ್ಟಿಕೊಂಡಿತು. ಒಂದು ಅಂಗುಲ ಮೇಲ್ಮಣ್ಣು ಕೂಡಲು ನೂರಾರು ವರ್ಷ ಬೇಕು. ಅದು ಕೊಚ್ಚಿಹೋಗಲು ಒಂದು ಮೋಟಾರು, ಒಂದು ರಾತ್ರಿ ಸಾಕು.

ಕಾಡಿನ ಪಾಲು

ಕನಕಪುರದ ಉತ್ತರಕ್ಕೆ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ, ದಕ್ಷಿಣಕ್ಕೆ ೧೯೮೭ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮ. ಇವೆರಡರ ನಡುವೆ ಆನೆಗಳು ಸಂಚರಿಸುತ್ತವೆ. ಬನ್ನೇರುಘಟ್ಟದ ಸುತ್ತಣ ಪರಿಸರ ಸೂಕ್ಷ್ಮ ವಲಯವನ್ನು ೨೦೧೬ರ ಕರಡಿನಲ್ಲಿ ೨೬೮.೯೬ ಚದರ ಕಿಲೋಮೀಟರ್ ಎಂದು ಗೊತ್ತುಮಾಡಿದ್ದರು. ೨೦೨೦ರ ಅಂತಿಮ ಅಧಿಸೂಚನೆಯಲ್ಲಿ ಅದು ೧೬೮.೮೪ಕ್ಕೆ ಕುಗ್ಗಿತು. ಕುಗ್ಗಿದ ನೂರು ಚದರ ಕಿಲೋಮೀಟರಿನ ಮೇಲೆ ನಗರದ ದೃಷ್ಟಿಯೂ ಗಣಿಗಳ ದೃಷ್ಟಿಯೂ ಇದ್ದಿತೆಂಬುದು ಬಹಿರಂಗವಾದ ಸಂಗತಿ.

ಕೊನೆಯದಾಗಿ ಮೇಕೆದಾಟು. ಸುಪ್ರೀಂ ಕೋರ್ಟು ೨೦೧೮ರ ಫೆಬ್ರವರಿ ೧೬ರಂದು ಕಾವೇರಿ ವ್ಯಾಜ್ಯದಲ್ಲಿ ನೀಡಿದ ತೀರ್ಪಿನಲ್ಲಿ ಕರ್ನಾಟಕದ ಪಾಲಿಗೆ ೧೪.೭೫ ಶತಕೋಟಿ ಘನ ಅಡಿ ನೀರನ್ನು ಹೆಚ್ಚಿಸಿತು, ಅದರಲ್ಲಿ ೪.೭೫ ಬೆಂಗಳೂರಿನ ಕುಡಿಯುವ ನೀರಿಗೆ. ಅದಕ್ಕೆ ಮುಂಚೆ ನ್ಯಾಯಮಂಡಲಿಯು ೨೦೦೭ರಲ್ಲಿ, ಬೆಂಗಳೂರಿನ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಎಂಬ ಕಾರಣದಿಂದ ನಗರದ ಬೇಡಿಕೆಯನ್ನು ಕುಗ್ಗಿಸಿ ಎಣಿಸಿತ್ತು. ನ್ಯಾಯಾಲಯ ಆ ಎಲ್ಲೆಯನ್ನು ಒಪ್ಪಲಿಲ್ಲ. ನಗರವೊಂದರ ಬಾಯಾರಿಕೆ ಕೊಳ್ಳದ ಗೆರೆಯಲ್ಲಿ ನಿಲ್ಲದೆಂಬುದು ಹೀಗೆ ಕಾನೂನಿನ ಮಾತೂ ಆಯಿತು. ರಾಜ್ಯ ಸರ್ಕಾರ ೨೦೧೯ರ ಜನವರಿಯಲ್ಲಿ ಕೇಂದ್ರ ಜಲ ಆಯೋಗಕ್ಕೆ ಕಳುಹಿಸಿದ ವರದಿಯಂತೆ, ಕನಕಪುರ ತಾಲ್ಲೂಕಿನ ಒಂಟಿಗುಂಡ್ಲುವಿನ ಬಳಿ ೬೭.೧೬ ಶತಕೋಟಿ ಘನ ಅಡಿಯ ಜಲಾಶಯವೂ ೪೦೦ ಮೆಗಾವಾಟ್ ವಿದ್ಯುದಾಗಾರವೂ ಆಗಬೇಕು. ಯೋಜನೆಗೆ ಬೇಕಾಗುವ ನೆಲ ಸುಮಾರು ೫,೨೫೨ ಹೆಕ್ಟೇರು. ಅದರಲ್ಲಿ ಬಹುಪಾಲು ವನ್ಯಜೀವಿಧಾಮ ಮತ್ತು ಕಾಯ್ದಿಟ್ಟ ಕಾಡು. ಕೆಳಗಿನ ತಮಿಳುನಾಡು ಈ ಯೋಜನೆಯನ್ನು ಮೊದಲಿನಿಂದಲೂ ವಿರೋಧಿಸುತ್ತ ಬಂದಿದೆ.

ಈ ೫,೨೫೨ ಹೆಕ್ಟೇರನ್ನು ಬೆಂಗಳೂರಿನ ೮೪.೪ ಲಕ್ಷ ಜನರಿಗೆ ಹಂಚಿದರೆ ತಲೆಗೆ ಸುಮಾರು ಆರು ಚದರ ಮೀಟರಾಗುತ್ತದೆ: ಒಂದು ಸಣ್ಣ ಅಡಿಗೆಮನೆಯಷ್ಟು. ಹೆಜ್ಜೆಗುರುತಿನ ತಲಾ ಸರಾಸರಿಯಲ್ಲಿ ಇದು ಎಲ್ಲಿಯೋ ದಶಾಂಶ ಬಿಂದುವಿನ ಆಚೆ ಕರಗಿಹೋಗುತ್ತದೆ. ನದಿಯ ಎರಡು ದಡಗಳ ಕಾಡಿಗೆ, ಬೇಸಗೆಯಲ್ಲಿ ನೀರಿಗಿಳಿಯುವ ಆನೆಗಳಿಗೆ, ದಡದ ಹಳ್ಳಿಗಳಿಗೆ ಅದು ದಶಾಂಶವಲ್ಲ. ನಗರಕ್ಕೆ ನೀರು ಬೇಡವೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ಸೋರುವ ಕೊಳವೆಗಳನ್ನು ಸರಿಪಡಿಸುವುದು, ಸಂಸ್ಕರಿಸಿದ ನೀರನ್ನು ಕೈಗಾರಿಕೆಗಳಿಗೆ ಕೊಡುವುದು, ತಿಪ್ಪಗೊಂಡನಹಳ್ಳಿಯ ಜಲಾನಯನವನ್ನು ಚೇತರಿಸುವುದು ಇವುಗಳ ವೆಚ್ಚವನ್ನೂ ಹೊಸ ಅಣೆಕಟ್ಟಿನ ವೆಚ್ಚವನ್ನೂ ಎದುರುಬದುರಾಗಿ ಇಟ್ಟು ತೂಗುವಾಗ, ನೆರೆಯವನ ನಷ್ಟವನ್ನು ಸೊನ್ನೆಯೆಂದು ಬರೆದುಕೊಳ್ಳುವ ಪದ್ಧತಿ ಶಾಸ್ತ್ರಸಮ್ಮತವಲ್ಲ.

ಕಾಲೇಜುಗಳ ಅರ್ಥಶಾಸ್ತ್ರ, ಭೂಗೋಳ ವಿಭಾಗಗಳು ಇಂತಹ ಲೆಕ್ಕವನ್ನು ತಾಲ್ಲೂಕಿನ ಮಟ್ಟದಲ್ಲಿ ಪ್ರಾರಂಭಿಸಬಹುದು. ಗೂಡಿನ ಮಾರುಕಟ್ಟೆಯ ದಿನವಹಿ, ಹಾಲಿನ ಸಂಘಗಳ ಪುಸ್ತಕ, ಗಣಿ ಇಲಾಖೆಯ ರಹದಾರಿಗಳು, ಜಲಮಂಡಲಿಯ ಪಂಪುಗಳ ದಾಖಲೆ ಇವುಗಳಿಂದ ಹೊರಹೋಗುವ ಸರಕಿನ ಪಟ್ಟಿ ಸಿದ್ಧವಾಗುತ್ತದೆ. ಒಳಬರುವ ಕೊಳಚೆಗೆ ಮಾತ್ರ ರಹದಾರಿಯಿಲ್ಲ. ಅದನ್ನು ಹೊಳೆಯಲ್ಲಿ ಇಳಿದೇ ಅಳೆಯಬೇಕು: ಬೈರಮಂಗಲದ ಕೋಡಿಯಲ್ಲಿ ಒಂದು ಕಡೆ, ವೃಷಭಾವತಿ ಅರ್ಕಾವತಿಯನ್ನು ಕೂಡುವುದಕ್ಕೆ ಮುಂಚೆ ಒಂದು ಕಡೆ, ಕೂಡಿದ ಮೇಲೆ ಹಾರೋಬೆಲೆ ಜಲಾಶಯಕ್ಕೆ ಸೇರುವ ಮುನ್ನ ಇನ್ನೊಂದು ಕಡೆ, ಹರಿವಿನ ವೇಗ, ಕರಗಿದ ಆಮ್ಲಜನಕ, ಲೋಹಗಳ ಪ್ರಮಾಣ ಇಷ್ಟನ್ನು, ಮಳೆಗೆ ಮುಂಚೆ ಏಪ್ರಿಲಿನಲ್ಲಿ ಒಮ್ಮೆ, ಮಳೆ ಹಿಂದಾದ ಮೇಲೆ ನವೆಂಬರಿನಲ್ಲಿ ಒಮ್ಮೆ.